ಸೋರುವ ಕಿವಿಗೆ ಎಣ್ಣೆ ಮದ್ದಲ್ಲ

ಶಿಡ್ಲಘಟ್ಟವಿರಲಿ, ಚಿಂತಾಮಣಿಯಿರಲಿ, ಮಗುವಿನ ಕಿವಿ ಸೋರಿದರೆ ಮೊದಲು ನೆನಪಾಗುವುದು ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ. ದಯವಿಟ್ಟು ಬಿಡಬೇಡಿ. ಕಿವಿತಮಟೆ ತೂತಾಗಿದ್ದರೆ ಅದು ನೇರ ಮಧ್ಯಕಿವಿಗೆ ಇಳಿಯುತ್ತದೆ. ನೋವಿಲ್ಲವೆಂದು ಸುಮ್ಮನಿರಲೂಬೇಡಿ. ದುರ್ವಾಸನೆಯ ಕೀವು ಕೊಲೆಸ್ಟಿಯಟೋಮಾದ ಗುರುತಿರಬಹುದು. ಅದು ಸದ್ದಿಲ್ಲದೆ ಕಿವಿಯ ಪುಟ್ಟ ಮೂಳೆಗಳನ್ನು ತಿನ್ನುತ್ತದೆ. ಅಪರೂಪಕ್ಕೆ ಸೋಂಕು ಮೆದುಳಿಗೂ ಮುಟ್ಟುತ್ತದೆ. ಡ್ರಾಪ್ಸ್‌ನಿಂದ ಹೋಗದು, ಆಪರೇಷನ್ನೇ ಬೇಕು. ಕಿವಿಯ ಹಿಂದೆ ಕೊಯ್ಯುತ್ತಾರೆಂದರೆ ಎದೆ ಝಲ್ಲೆನ್ನುತ್ತದೆ, ನಿಜ. ಆದರೂ ಚಿಕ್ಕಬಳ್ಳಾಪುರದ ಜಿಲ್ಲಾ ಆಸ್ಪತ್ರೆಯಲ್ಲಿ ಒಮ್ಮೆ ತೋರಿಸಿ. ಬಿಪಿಎಲ್ ಕಾರ್ಡಿದ್ದರೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯ ಬಗ್ಗೆ ಅಲ್ಲೇ ವಿಚಾರಿಸಿ.

‘ಆಮೇಲೆ ವುಝೂ ಹೇಗೆ?’ ಎಂದು ಮುಂದೂಡುವವರೂ ಇದ್ದಾರೆ. ವುಝೂವಿನಲ್ಲಿ ಕಿವಿಗಿರುವುದು ಒದ್ದೆ ಬೆರಳು ಸವರುವುದಷ್ಟೇ, ನೀರು ಸುರಿಯುವುದಲ್ಲ. ಗಾಯಕ್ಕೆ ನೀರು ತಾಗಬಾರದೆಂದರೆ ವಿನಾಯಿತಿಯೂ ಇದೆ, ಇಮಾಮರನ್ನು ಕೇಳಿ. ಸ್ನಾನಕ್ಕೆ ಮುಂಚೆ ವ್ಯಾಸಲಿನ್ ಹಚ್ಚಿದ ಹತ್ತಿಯನ್ನು ಕಿವಿಗಿಡಬಹುದೇ ಎಂದು ವೈದ್ಯರಲ್ಲಿ ವಿಚಾರಿಸಿ.