ಓಲೆ ಕಳೆದದ್ದು ಅಮ್ಮನ ತಪ್ಪಲ್ಲ

ಕಳೆದ ಸೆಮಿಸ್ಟರ್‌ನ ಫೀಸು ಕಟ್ಟಲು ಅಮ್ಮನ ಕೆಂಪು ಕಲ್ಲಿನ ಓಲೆ ಅಡಕ್ಕೆ ಹೋಗಿತ್ತು. ನಾಲ್ಕು ತಿಂಗಳು ಬಡ್ಡಿ ಕಟ್ಟಿ ಬಿಡಿಸಿಕೊಂಡು ಬಂದೆವು. ಬಂದ ಎಂಟನೇ ದಿನಕ್ಕೆ ಅದರಲ್ಲೊಂದು ಕಳೆದುಹೋಯಿತು.

ಕೆಂಗೇರಿಯಲ್ಲಿ ಚಿಕ್ಕಮ್ಮನ ಮೊಮ್ಮಗುವಿನ ನಾಮಕರಣ. ಊಟ ಮುಗಿಸಿ ಮೆಟ್ರೊ ಹತ್ತಿ ವಿಜಯನಗರದಲ್ಲಿ ಇಳಿದು, ಅಲ್ಲಿಂದ ಬಸ್ಸು ಹಿಡಿದು ಕಾಮಾಕ್ಷಿಪಾಳ್ಯದ ಮನೆಗೆ ಬಂದೆವು. ಸೀರೆ ಬದಲಿಸುವಾಗ ಅಮ್ಮ ಬಲಗಿವಿ ಮುಟ್ಟಿಕೊಂಡಳು. ಅಷ್ಟೇ. ಮುಖ ನೋಡಿದ ಕೂಡಲೇ ನನಗೆ ಗೊತ್ತಾಯಿತು. ಸೆರಗು ಕೊಡವಿದೆವು, ಬ್ಯಾಗು ಬೋರಲು ಹಾಕಿದೆವು, ಬಸ್ ಸ್ಟಾಪಿನವರೆಗೆ ಮೊಬೈಲ್ ಟಾರ್ಚ್ ಹಾಕಿಕೊಂಡು ನೆಲ ನೋಡುತ್ತಾ ನಡೆದೆವು. ಸಿಗಲಿಲ್ಲ.

ಆಮೇಲೆ ಒಂದು ವಾರ ಮನೆಗೆ ಬಂದವರೆಲ್ಲ ಕೇಳಿದ್ದು ಒಂದೇ ಪ್ರಶ್ನೆ: 'ಸರಿಯಾಗಿ ತಿರುಪು ಬಿಗಿ ಮಾಡ್ಕೋಬಾರದಿತ್ತಾ?' ಅಮ್ಮನೂ ಅದನ್ನೇ ಹೇಳುತ್ತಿದ್ದಳು, 'ನಂದೇ ತಪ್ಪು ಕಣೇ'. ನಾಚಿಕೆಯಿಂದ ಒಪ್ಪಿಕೊಳ್ಳುತ್ತೇನೆ, ಮೊದಲು ಹಾಗೆ ಕೇಳಿದವಳು ನಾನೇ. ನಾನು ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದುತ್ತಿದ್ದೇನೆ. ಚಲಿಸುತ್ತಿರುವ ಬೈಕಿನ ನಟ್ ಬಿಚ್ಚಿಕೊಂಡು ಬಿದ್ದರೆ ನಾವು ತಯಾರಿಸಿದವರನ್ನು ಕೇಳುತ್ತೇವೆ. ಕಿವಿಯ ನಟ್ ಬಿಚ್ಚಿಕೊಂಡು ಬಿದ್ದರೆ ಮಾತ್ರ ಹಾಕಿಕೊಂಡವಳನ್ನು ಬೈಯುತ್ತೇವೆ. ಇದು ನ್ಯಾಯವಲ್ಲ ಎನ್ನುವುದೇ ಈ ಬರಹದ ವಾದ.

ತಿರುಪು ಎಂದರೆ ನಟ್, ಓಲೆಯ ಕಡ್ಡಿ ಎಂದರೆ ಬೋಲ್ಟ್. ನಮ್ಮ ಮೆಷಿನ್ ಡಿಸೈನ್ ಪಾಠದಲ್ಲಿ ಒಂದು ಸರಳ ನಿಯಮವಿದೆ. ಥ್ರೆಡ್ಡಿನ ಏರು ಘರ್ಷಣೆಯ ಕೋನಕ್ಕಿಂತ ಕಡಿಮೆ ಇದ್ದರೆ, ಎಷ್ಟೇ ಎಳೆದರೂ ನಟ್ ತಾನಾಗಿ ಹಿಂದಕ್ಕೆ ತಿರುಗುವುದಿಲ್ಲ. ಲೆಕ್ಕ ಹಾಕಿ ನೋಡಿದೆ. 1 ಮಿಲಿಮೀಟರ್ ದಪ್ಪದ ಕಡ್ಡಿಗೆ ಮೆಟ್ರಿಕ್ ಪದ್ಧತಿಯಲ್ಲಿ 0.25 ಮಿಲಿಮೀಟರ್ ಅಂತರದ ಥ್ರೆಡ್ ಹಾಕುತ್ತಾರೆ. ಅದರ ಏರು ಸುಮಾರು 5 ಡಿಗ್ರಿ. ಘರ್ಷಣೆಯ ಕೋನ ಸಾಮಾನ್ಯವಾಗಿ ಅದಕ್ಕಿಂತ ಹೆಚ್ಚೇ. ಅಂದರೆ ಪುಸ್ತಕದ ಪ್ರಕಾರ ಅಮ್ಮನ ಓಲೆ ಬೀಳಲೇಬಾರದಿತ್ತು.

ಉತ್ತರ ಸಿಕ್ಕಿದ್ದು ಅಪ್ಪನ ಹತ್ತಿರ. ಅಪ್ಪ ಮಾಗಡಿ ರಸ್ತೆ ಪಕ್ಕದ ಒಂದು ಸಣ್ಣ ಶೆಡ್ಡಿನಲ್ಲಿ ಲೇತ್ ಮೇಲೆ ಕೆಲಸ ಮಾಡುತ್ತಾರೆ. ಓದಿದ್ದು ಹತ್ತನೇ ಕ್ಲಾಸು. ನನ್ನ ಲೆಕ್ಕ ನೋಡಿ ನಕ್ಕು ಹೇಳಿದರು: 'ನಟ್ಟು ನಿಲ್ಲೋದು ಬಿಗಿಯಿಂದ ಪುಟ್ಟಿ. ಎರಡು ಪ್ಲೇಟ್ ಮಧ್ಯೆ ಸ್ಪಂಜ್ ಇಟ್ಟು ನಟ್ ಹಾಕು, ನಿಲ್ಲುತ್ತಾ ನೋಡೋಣ.'

ವಿಷಯ ಅಲ್ಲಿದೆ. ಕಬ್ಬಿಣದ ಎರಡು ಪಟ್ಟಿಗಳನ್ನು ಬೋಲ್ಟ್ ಹಾಕಿ ಬಿಗಿದಾಗ ಬೋಲ್ಟ್ ಒಳಗೊಳಗೇ ಸ್ವಲ್ಪ ಹಿಗ್ಗುತ್ತದೆ. ಆ ಎಳೆತವೇ ನಟ್ಟನ್ನು ಹಿಡಿದಿಡುತ್ತದೆ. ಕಿವಿಯ ಹಾಲೆ ಮೆತ್ತಗಿನ ಚರ್ಮ, ಅದರ ಮೇಲೆ ಅಂಥ ಬಿಗಿ ಕೂರುವುದೇ ಇಲ್ಲ. ಜೊತೆಗೆ ಪಕ್ಕದಿಂದ ಪಕ್ಕಕ್ಕೆ ಅಲುಗಾಟ ಬೇರೆ. 1969ರಲ್ಲಿ ಗೆರ್ಹಾರ್ಡ್ ಯುಂಕರ್ ಎಂಬ ಎಂಜಿನಿಯರ್ ಇದನ್ನೇ ಪ್ರಯೋಗ ಮಾಡಿ ತೋರಿಸಿದರು. ಉದ್ದಕ್ಕೆ ಎಳೆಯುವುದಕ್ಕಿಂತ ಅಡ್ಡಡ್ಡ ಅಲುಗಾಡಿಸಿದರೆ ನಟ್ ಬೇಗ ಸಡಿಲವಾಗುತ್ತದೆ. ಅವರು ಪರೀಕ್ಷಿಸಿದ್ದು ಯಂತ್ರಗಳ ಬೋಲ್ಟನ್ನು. ಆದರೆ ದಿಂಬು, ಕೂದಲು, ಕಿವಿಗೊತ್ತಿದ ಫೋನು, ತೆಗೆದು ಹಾಕುವ ಹೆಲ್ಮೆಟ್ಟು, ಇವೆಲ್ಲ ದಿನವಿಡೀ ನಮ್ಮ ಓಲೆಗೆ ಮಾಡುವುದೂ ಅದನ್ನೇ.

ನಂಬಿಕೆ ಬರದಿದ್ದರೆ ನೀವೇ ನೋಡಬಹುದು. ನಾನು ಬೆಳಿಗ್ಗೆ ನನ್ನ ಓಲೆಯ ತಿರುಪಿನ ಮೇಲ್ಭಾಗಕ್ಕೆ ನೈಲ್ ಪಾಲಿಶ್‌ನ ಒಂದು ಸಣ್ಣ ಚುಕ್ಕೆ ಇಟ್ಟುಕೊಂಡು ಕಾಲೇಜಿಗೆ ಹೋದೆ. ಸಂಜೆ ಕನ್ನಡಿಗೆ ಬೆನ್ನು ಹಾಕಿ ಮೊಬೈಲಿನಲ್ಲಿ ಫೋಟೊ ತೆಗೆದು ನೋಡಿದರೆ ಚುಕ್ಕೆ ಕೆಳಗೆ ಬಂದಿತ್ತು. ಅರ್ಧ ಸುತ್ತು ತಿರುಗಿತ್ತು! ಕಾರ್ಖಾನೆಗಳಲ್ಲಿ ಮುಖ್ಯವಾದ ಬೋಲ್ಟ್‌ಗಳ ಮೇಲೆ ಬಣ್ಣದ ಗೆರೆ ಎಳೆಯುವುದು ಇದೇ ಕಾರಣಕ್ಕೆ. ಅದಕ್ಕೂ ಮಿಗಿಲಾಗಿ, 22 ಕ್ಯಾರೆಟ್ ಚಿನ್ನ ಮೆತ್ತಗಿನ ಲೋಹ. ವರ್ಷಗಟ್ಟಲೆ ಹಾಕಿ ತೆಗೆದು ಮಾಡಿದರೆ ಥ್ರೆಡ್ ಸವೆಯುತ್ತದೆ. ಸವೆದ ಥ್ರೆಡ್ಡಿಗೆ ಎಷ್ಟು ತಿರುಗಿಸಿದರೂ ಬಿಗಿ ಎಂಬುದೇ ಇರುವುದಿಲ್ಲ.

ಹಾಗಂತ ಗಟ್ಟಿಯಾಗಿ ಬಿಗಿಯುವುದೂ ಪರಿಹಾರವಲ್ಲ. ತೀರಾ ಬಿಗಿಯಾದ ತಿರುಪು ಹಾಲೆಯ ಚರ್ಮದೊಳಕ್ಕೇ ಹೂತುಹೋಗಿ, ಬಾತು, ಕೀವಾಗಿ, ಕೊನೆಗೆ ಡಾಕ್ಟರು ತೆಗೆಯಬೇಕಾಗುವುದುಂಟು. ಮಕ್ಕಳ ಕಿವಿಯಲ್ಲಂತೂ ಇನ್ನೂ ಹುಷಾರಾಗಿರಬೇಕು. ಆದ್ದರಿಂದ 'ಬಿಗಿ ಮಾಡ್ಕೋಬಾರದಿತ್ತಾ' ಎಂಬುದು ಬುದ್ಧಿಮಾತಲ್ಲ.

ನಮ್ಮ ಮನೆಗಳ ಹೆಂಗಸರಿಗೆ ಇದೆಲ್ಲ ಪುಸ್ತಕವಿಲ್ಲದೆ ಗೊತ್ತು. ನಮ್ಮಜ್ಜಿ ಕಡ್ಡಿಗೆ ಒಂದೆಳೆ ದಾರ ಸುತ್ತಿ ಮೇಲೆ ತಿರುಪು ಹಾಕುತ್ತಾಳೆ. ಪ್ಲಂಬರ್ ಪೈಪಿಗೆ ದಾರ ಸುತ್ತಿದಂತೆಯೇ. ಪಕ್ಕದ ಮನೆಯ ಆಂಟಿ ತಿರುಪಿನ ಬಾಯಿಗೆ ಒಂದು ಹನಿ ನೈಲ್ ಪಾಲಿಶ್ ಬಿಡುತ್ತಾರೆ. ಕಾರ್ಖಾನೆಗಳಲ್ಲಿ ಥ್ರೆಡ್ಡಿಗೆ ಹಾಕುವ ಅಂಟು ಮಾಡುವುದೂ ಅದೇ ಕೆಲಸ. ನನ್ನ ಗೆಳತಿಯರು ತಿರುಪಿನ ಹಿಂದೆ ರಬ್ಬರ್ ಬುಷ್ ಸಿಕ್ಕಿಸುತ್ತಾರೆ. ಭಾರದ ಜುಮುಕಿಗೆ ಮಾಟಿ ಹಾಕಿ ಕೂದಲಿಗೆ ಸಿಕ್ಕಿಸುವುದಂತೂ ಅಪ್ಪಟ ಎಂಜಿನಿಯರಿಂಗ್. ಹಾಲೆಯ ಮೇಲಿನ ಭಾರದ ಒಂದು ಪಾಲನ್ನು ತಲೆ ಹೊರುತ್ತದೆ. ಬೇಲೂರು, ಹಳೇಬೀಡಿನ ಶಿಲ್ಪಗಳ ದಪ್ಪ ದಪ್ಪ ಕಿವಿಯಾಭರಣ ನೋಡಿದರೆ, ಕಿವಿಗೆ ಭಾರ ಹೊರಿಸುವ ಸಮಸ್ಯೆ ಇವತ್ತಿನದಲ್ಲ ಎಂದು ಗೊತ್ತಾಗುತ್ತದೆ.

ಇನ್ನೊಂದು ವಿಚಿತ್ರವಿದೆ. ಅಮ್ಮ ಯಾವಾಗಲೂ ಹೇಳುತ್ತಿದ್ದಳು, 'ಎಡಗಿವಿ ತಿರುಪು ಬಲಕ್ಕೆ ಹಾಕಬೇಡ, ಕೂರಲ್ಲ'. ಒಂದೇ ಜೊತೆಯ ಎರಡು ಓಲೆಗಳ ತಿರುಪೇ ಒಂದಕ್ಕೊಂದು ಹೊಂದುವುದಿಲ್ಲ. ಕೈಯಲ್ಲಿ ಥ್ರೆಡ್ ಹಾಕಿದ್ದರಿಂದ ಒಂದೊಂದಕ್ಕೂ ಒಂದೊಂದು ಅಳತೆ. ಒಂದು ತಿರುಪು ಕಳೆದರೆ ಬೇರೆ ಕಡೆ ಕೊಂಡು ಹಾಕುವಂತಿಲ್ಲ, ಕಡ್ಡಿಯನ್ನೂ ಸೇರಿಸಿ ಮಾಡಿಸಬೇಕು. ಇಂಗ್ಲೆಂಡಿನ ವರ್ಕ್‌ಶಾಪ್‌ಗಳಲ್ಲೂ ಒಂದು ಕಾಲಕ್ಕೆ ಹೀಗೇ ಇತ್ತು, ಒಂದು ಕಡೆಯ ನಟ್ ಇನ್ನೊಂದು ಕಡೆಯ ಬೋಲ್ಟಿಗೆ ಆಗುತ್ತಿರಲಿಲ್ಲ. 1841ರಲ್ಲಿ ಜೋಸೆಫ್ ವಿಟ್ವರ್ತ್ ಎಲ್ಲರಿಗೂ ಒಂದೇ ಅಳತೆಯ ಥ್ರೆಡ್ ಇರಲಿ ಎಂದು ಪ್ರಸ್ತಾಪ ಇಟ್ಟರು. ಆಮೇಲೆ ಜಗತ್ತು ಬದಲಾಯಿತು. ಅಮ್ಮನ ಓಲೆ ಮಾತ್ರ ಇನ್ನೂ 1841ಕ್ಕಿಂತ ಹಿಂದೆಯೇ ಇದೆ.

ಚಿನ್ನ ಕೊಳ್ಳುವಾಗ ನಾವು ಏನು ಕೇಳುತ್ತೇವೆ? ಇವತ್ತಿನ ರೇಟು, ವೇಸ್ಟೇಜು, ಮೇಕಿಂಗ್ ಚಾರ್ಜು. 916 ಇದೆಯೇ ಎಂದು ನೋಡುತ್ತೇವೆ. 2021ರಿಂದ ಹಂತ ಹಂತವಾಗಿ ಹಾಲ್‌ಮಾರ್ಕ್ ಕಡ್ಡಾಯವಾಯಿತು. 2023ರ ಏಪ್ರಿಲ್‌ನಿಂದ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಇರಲೇಬೇಕೆಂಬ ನಿಯಮವೂ ಬಂತು. ಒಳ್ಳೆಯದೇ. ಆದರೆ ಆ ಗುರುತು ಹೇಳುವುದು ಚಿನ್ನ ಎಷ್ಟು ಶುದ್ಧ ಎಂದು. ಅದು ಕಿವಿಯಲ್ಲಿ ನಿಲ್ಲುತ್ತದೆಯೇ ಎಂದು ಹೇಳುವುದಿಲ್ಲ. ಕಳೆದುಹೋದ ಓಲೆ 916 ಆದರೇನು, ಹಿತ್ತಾಳೆಯಾದರೇನು?

ಇಷ್ಟು ಹೊತ್ತಿಗೆ ನನಗೆ 'ಎಂದೂ ಬಿಚ್ಚದ ತಿರುಪು' ಮಾಡಬೇಕೆಂಬ ಹುಮ್ಮಸ್ಸು ಬಂದಿತ್ತು. ಅದಕ್ಕೆ ತಣ್ಣೀರು ಎರಚಿದ್ದು ಅಜ್ಜಿ. ಅವಳ ಎಡಗಿವಿಯ ಹಾಲೆ ಎರಡು ಸೀಳು. ಹದಿನೈದು ವರ್ಷದ ಹಿಂದೆ ಬೆಳಗಿನ ಜಾವ ಹಾಲು ತರಲು ಹೋದಾಗ ಬೈಕಿನಲ್ಲಿ ಬಂದವನೊಬ್ಬ ಜುಮುಕಿಗೆ ಕೈ ಹಾಕಿದ್ದ. ಜುಮುಕಿ ಬಿಚ್ಚಿಕೊಳ್ಳಲಿಲ್ಲ, ಕಿವಿ ಹರಿಯಿತು. 'ಅವತ್ತು ನನ್ನ ತಿರುಪು ಗಟ್ಟಿಯಾಗೇ ಇತ್ತು ಕಣಮ್ಮ. ಚಿನ್ನ ಹೋದ್ರೆ ಮಾಡಿಸ್ಕೋಬಹುದು, ಕಿವಿ ಮಾಡಿಸ್ಕೊಳ್ಳೋಕಾಗುತ್ತಾ?' ಎಂದಳು. ಹರಿದ ಹಾಲೆಯನ್ನು ಹೊಲಿದು ಸರಿಪಡಿಸುವ ಶಸ್ತ್ರಚಿಕಿತ್ಸೆ ಇದೆ ನಿಜ. ಆದರೆ ಅಜ್ಜಿಯ ಪ್ರಶ್ನೆ ಅದಲ್ಲ.

ಅಮ್ಮನಿಗೆ ಬೀಳದ ಓಲೆ ಬೇಕು, ಅಜ್ಜಿಗೆ ಬಿಟ್ಟುಕೊಡುವ ಓಲೆ ಬೇಕು. ಇಬ್ಬರಲ್ಲಿ ಯಾರು ಸರಿ? ಎರಡು ರಾತ್ರಿ ಯೋಚಿಸಿದ ಮೇಲೆ ಹೊಳೆದದ್ದು, ಇಬ್ಬರೂ ಸರಿ. ಏಕೆಂದರೆ ಎರಡೂ ಬೇರೆ ಬೇರೆ ಸೋಲುಗಳು. ಅಮ್ಮನ ಓಲೆ ಹೋದದ್ದು ಸಣ್ಣ ಬಲದಿಂದ, ನಿಧಾನವಾಗಿ ತಿರುಗಿ ತಿರುಗಿ. ಅಜ್ಜಿಯ ಕಿವಿ ಹರಿದದ್ದು ದೊಡ್ಡ ಬಲದಿಂದ, ಒಂದೇ ಏಟಿಗೆ ಕೆಳಕ್ಕೆ ಎಳೆದು. ಹಾಗಾಗಿ ತಿರುಪು ತಿರುಗದಂತೆ ತಡೆಯಬೇಕು. ಕೆಳಗೆ ತೂಗುವ ಜುಮುಕಿಯ ಕೊಂಡಿ ಮಾತ್ರ ಜೋರಾಗಿ ಎಳೆದಾಗ ಕಿವಿಗಿಂತ ಮೊದಲು ಬಾಯಿಬಿಡಬೇಕು. ಮನೆಯ ಫ್ಯೂಸ್ ತಾನು ಸುಟ್ಟು ಫ್ರಿಜ್ ಉಳಿಸುವ ಹಾಗೆ. ಯಾವುದು ಹಿಡಿಯಬೇಕು, ಯಾವುದು ಬಿಡಬೇಕು ಎಂದು ಮೊದಲೇ ನಿರ್ಧರಿಸುವುದೇ ಡಿಸೈನ್ ಎಂದು ನನಗೆ ಅರ್ಥವಾದದ್ದು ಕ್ಲಾಸಿನಲ್ಲಲ್ಲ, ಅಜ್ಜಿಯ ಹರಿದ ಕಿವಿಯ ಮುಂದೆ.

ಇದನ್ನೇ ಪ್ರಾಜೆಕ್ಟ್ ಮಾಡುತ್ತೇನೆ ಎಂದಾಗ ಕ್ಲಾಸಿನಲ್ಲಿ ನಗು. 'ಇದು ಮೆಕ್ಯಾನಿಕಲ್ ಪ್ರಾಜೆಕ್ಟಾ, ಫ್ಯಾನ್ಸಿ ಸ್ಟೋರ್ ಪ್ರಾಜೆಕ್ಟಾ?' ಎಂದು ಕೇಳಿದವರಿದ್ದಾರೆ. ಹುಡುಗರು ಬುಲೆಟ್ ಸೈಲೆನ್ಸರ್ ಬಗ್ಗೆ ಮಾಡಿದರೆ ಅದು ಎಂಜಿನಿಯರಿಂಗ್, ಹೆಂಗಸರ ಓಲೆ ಅಂದರೆ ಅಲಂಕಾರ! ಇವತ್ತು ಎಲ್ಲರ ಸೀರೆಯಲ್ಲಿರುವ ಸೇಫ್ಟಿ ಪಿನ್ನಿಗೆ 1849ರಲ್ಲೇ ವಾಲ್ಟರ್ ಹಂಟ್ ಎಂಬ ಅಮೆರಿಕದ ಮೆಕ್ಯಾನಿಕ್ ಪೇಟೆಂಟ್ ಪಡೆದಿದ್ದರು. ಸಣ್ಣ ವಸ್ತು ಎಂದು ಯಾರೂ ಕೊಡದೇ ಇರಲಿಲ್ಲ. ನಮ್ಮ ಬೆಂಗಳೂರಿಗೂ ಸಣ್ಣ ಸ್ಕ್ರೂ ಹೊಸದಲ್ಲ. ಎಚ್‌ಎಂಟಿ 1961ರಲ್ಲಿ ಜಪಾನಿನ ಸಿಟಿಜನ್ ಜೊತೆ ಸೇರಿ ಇಲ್ಲಿ ಕೈಗಡಿಯಾರ ಶುರು ಮಾಡಿದಾಗಿನಿಂದ ಕಣ್ಣಿಗೆ ಕಾಣದಷ್ಟು ಸಣ್ಣ ಸ್ಕ್ರೂಗಳನ್ನು ಈ ಊರು ಪಳಗಿಸಿದೆ. ರಾಜಾಜಿನಗರದಿಂದ ಪೀಣ್ಯದವರೆಗೆ ಲೇತ್ ಇಲ್ಲದ ಬೀದಿ ಎಷ್ಟಿದೆ? ಅವೆನ್ಯೂ ರಸ್ತೆಯ ಚಿನ್ನದ ಅಂಗಡಿಗಳು ಅಲ್ಲಿಂದ ಒಂದು ಬಸ್ ದೂರ. ಈ ಎರಡು ಲೋಕಗಳು ಕೂತು ಮಾತಾಡಿಲ್ಲ, ಅಷ್ಟೇ.

ನನ್ನ ಜೊತೆಯವರಿಗೆ ಒಂದು ಮಾತು. ದುಡ್ಡು ಕೊಟ್ಟು ಕೊಂಡ ಪ್ರಾಜೆಕ್ಟ್ ರಿಪೋರ್ಟಿಗೆ ಬೈಂಡಿಂಗ್ ಚೆನ್ನಾಗಿರುತ್ತದೆ. ಇಂಟರ್‌ವ್ಯೂನಲ್ಲಿ 'ಯಾಕೆ ಹೀಗೆ ಮಾಡಿದಿರಿ?' ಎಂಬ ಎರಡನೇ ಪ್ರಶ್ನೆಗೆ ಅದು ಉತ್ತರ ಕೊಡುವುದಿಲ್ಲ. ಮನೆಯಲ್ಲಿ ದಿನಾ ಕೆಡುವ ಒಂದು ವಸ್ತುವನ್ನು ಕೈಗೆತ್ತಿಕೊಳ್ಳಿ. ಅದು ಯಾಕೆ ಕೆಡುತ್ತದೆ ಎಂದು ಕೊನೆಯವರೆಗೆ ಕೇಳಿ. ಚಿನ್ನ ಕೊಳ್ಳುವವರಿಗೂ ಒಂದು ಮಾತು. ತಿರುಪನ್ನು ಅಂಗಡಿಯಲ್ಲೇ ನಾಲ್ಕು ಸಲ ಹಾಕಿ ತೆಗೆದು ನೋಡಿ. ಎರಡು ತಿರುಪನ್ನೂ ಅದಲು ಬದಲು ಮಾಡಿ ನೋಡಿ. ಹಳೆಯ ಓಲೆಯ ಥ್ರೆಡ್ ಸವೆದಿದ್ದರೆ ಮದುವೆ ಸೀಸನ್ ಬರುವ ಮುಂಚೆ ಬದಲಾಯಿಸಿ. ಎಲ್ಲರೂ ಕೇಳತೊಡಗಿದರೆ ಮಾರುವವರೂ ಉತ್ತರ ಹುಡುಕುತ್ತಾರೆ. ರೇಟಿನಲ್ಲಿ ಅದನ್ನೇ ತಾನೇ ಮಾಡಿದ್ದು?

ನಾನು ಮಾಡಿದ್ದು ಇನ್ನೂ ಸ್ವಲ್ಪ. ಮೊದಲು ಐದು ಪಟ್ಟು ದೊಡ್ಡ ಮಾದರಿ ಮಾಡಿದೆ: 5 ಮಿಲಿಮೀಟರ್ ಬೋಲ್ಟು, ಹಾಲೆಯ ಬದಲು ಸ್ಪಂಜು. ಅಪ್ಪನ ಶೆಡ್ಡಿನ ಸ್ಯಾಂಡಿಂಗ್ ಮೆಷಿನ್ನಿಗೆ ಕಟ್ಟಿ ಅಲುಗಾಡಿಸಿದೆ. ಮಾಮೂಲಿ ನಟ್ ನಮ್ಮ ಕಣ್ಣೆದುರೇ ಬಿಚ್ಚಿಕೊಂಡು ಉದುರಿತು. ಒಳಗೆ ನೈಲಾನ್ ಉಂಗುರವಿರುವ ನೈಲಾಕ್ ನಟ್ ಅಲುಗಲಿಲ್ಲ, ಏಕೆಂದರೆ ಅದಕ್ಕೆ ಎಳೆತದ ಹಂಗಿಲ್ಲ, ಥ್ರೆಡ್ಡನ್ನೇ ಅದು ಕಚ್ಚಿ ಹಿಡಿಯುತ್ತದೆ. ಈಗ ಅದನ್ನೇ ಕಿವಿಯ ಅಳತೆಗೆ ಇಳಿಸಬೇಕು. ಅಪ್ಪನ ಲೇತಿನಲ್ಲಿ ಅಷ್ಟು ಸಣ್ಣದು ಆಗುವುದಿಲ್ಲ, ಗಡಿಯಾರ ರಿಪೇರಿಯವರ ಉಪಕರಣ ಎರವಲು ತಂದಿದ್ದೇವೆ. ಮೂರನೇ ಹಿತ್ತಾಳೆ ಮಾದರಿಯನ್ನು ಅಮ್ಮ ಮೊನ್ನೆ ಒಂದು ದಿನ ಹಾಕಿಕೊಂಡಿದ್ದಳು. ಬೀಳಲಿಲ್ಲ, ಆದರೆ ಮಲಗಿದಾಗ ಕತ್ತಿಗೆ ಚುಚ್ಚುತ್ತದೆ ಎಂದು ವಾಪಸ್ ಕೊಟ್ಟಿದ್ದಾಳೆ.

ಉಳಿದ ಒಂದು ಕೆಂಪು ಕಲ್ಲಿನ ಓಲೆ ಬೀರುವಿನ ಡಬ್ಬಿಯಲ್ಲಿದೆ. ಕರಗಿಸೋಣ ಎಂದು ಅಪ್ಪ ಎರಡು ಸಲ ಹೇಳಿದರು. 'ಇರಲಿ, ಇವಳು ತಿರುಪು ಮಾಡಿದ ಮೇಲೆ ಜೊತೆ ಮಾಡಿಸೋಣ' ಎನ್ನುತ್ತಾಳೆ ಅಮ್ಮ. ಈಗೀಗ 'ನಂದೇ ತಪ್ಪು' ಎನ್ನುವುದನ್ನು ನಿಲ್ಲಿಸಿದ್ದಾಳೆ.