ಚೀನಾ ನಕ್ಷೆಯ ಮೇಲೆ ಒಂದು ಗೆರೆ ಎಳೀರಿ

[1/7]
ಫ್ರೆಂಡ್ಸ್, ಇವತ್ತಿನ ಸರಣಿ ಓದುವಾಗ ಅಟ್ಲಾಸ್ ಪಕ್ಕದಲ್ಲಿ ಇಟ್ಕೊಳ್ಳಿ. ಇಲ್ಲದಿದ್ರೆ ಫೋನಲ್ಲೇ ಮ್ಯಾಪ್ ತೆಗೆದು ಚೀನಾಕ್ಕೆ ಹೋಗಿ. ಈಶಾನ್ಯದಲ್ಲಿ, ರಷ್ಯಾ ಗಡಿಗೆ ಅಂಟಿಕೊಂಡು ಹೇಹೆ ಅನ್ನೋ ಊರಿದೆ. ನೈರುತ್ಯದಲ್ಲಿ, ಮ್ಯಾನ್ಮಾರ್ ಗಡಿ ಹತ್ರ ತೆಂಗ್‌ಚೋಂಗ್ ಇದೆ. ಎರಡನ್ನೂ ಸೇರಿಸಿ ಒಂದು ಓರೆ ಗೆರೆ ಎಳೀರಿ.

ಗೆರೆಯ ಎಡಕ್ಕೆ ದೇಶದ ಅರ್ಧಕ್ಕಿಂತ ಜಾಸ್ತಿ ನೆಲ. ಬಲಕ್ಕೆ ಸುಮಾರು 94% ಜನ. ಸುಮಾರು 140 ಕೋಟಿ ಜನರಿರೋ ದೇಶದಲ್ಲಿ ಗೆರೆಯಿಂದಾಚೆ ಇರೋದು ನೂರಕ್ಕೆ ಆರೇ ಜನ! ಈ ಗೆರೆಯನ್ನ 1935ರಲ್ಲಿ ಗುರುತಿಸಿದವರು ಹೂ ಹ್ವಾನ್‌ಯೋಂಗ್ ಅನ್ನೋ ಭೂಗೋಳ ವಿದ್ವಾಂಸರು. ಆಮೇಲೆ ಯುದ್ಧ ಆಯ್ತು, ಕ್ರಾಂತಿ ಆಯ್ತು, ಕಾರ್ಖಾನೆಗಳು ಬಂದ್ವು, ಬುಲೆಟ್ ಟ್ರೈನೂ ಬಂತು. ಜನ ಮಾತ್ರ ಇವತ್ತಿಗೂ ಹೆಚ್ಚುಕಮ್ಮಿ ಅದೇ ಗೆರೆಯ ಈಚೆಗೇ ಇದ್ದಾರೆ.

ಇದನ್ನ ನೋಡಿದ್ರೆ ನಾವೆಲ್ಲ ಪರೀಕ್ಷೇಲಿ ಬರೆಯೋ ವಾಕ್ಯ ನೆನಪಾಗುತ್ತೆ ಅಲ್ವಾ? "ಭೌಗೋಳಿಕ ಅಂಶಗಳು ಜನಜೀವನವನ್ನು ನಿರ್ಧರಿಸುತ್ತವೆ." ನನ್ನ ಪ್ರಕಾರ ಅದು ಅರ್ಧ ಉತ್ತರ. ಎಲ್ಲಿ ಏನು ಮಾಡಿದ್ರೆ ಎಷ್ಟು ಖರ್ಚಾಗುತ್ತೆ ಅಂತ ಭೂಗೋಳ ಹೇಳುತ್ತೆ. ಆ ಖರ್ಚನ್ನ ಯಾರ ತಲೆ ಮೇಲೆ ಹಾಕ್ಬೇಕು ಅಂತ ತೀರ್ಮಾನ ಮಾಡೋರು ಮನುಷ್ಯರು. ಇದು ಉಳಿದರ್ಧ ಉತ್ತರ. ಯಾಕೆ ಅಂತ ಹೇಳ್ತೀನಿ, ಬನ್ನಿ.

[2/7] ನೆಲ
ಚೀನಾ ಪಶ್ಚಿಮದಿಂದ ಪೂರ್ವಕ್ಕೆ ಮೂರು ಮೆಟ್ಟಿಲು ಇಳಿಯುತ್ತೆ. ಎಲ್ಲಕ್ಕಿಂತ ಮೇಲಿನದು ಟಿಬೆಟ್ ಪ್ರಸ್ಥಭೂಮಿ. ಸರಾಸರಿ ಎತ್ತರವೇ 4000 ಮೀಟರಿಗಿಂತ ಹೆಚ್ಚು. ಅಲ್ಲಿ ಯಾಕ್, ಕುರಿ, ಸ್ವಲ್ಪ ಬಾರ್ಲಿ. ನಡುವಿನ ಮೆಟ್ಟಿಲು ಬಹುಪಾಲು 1000ದಿಂದ 2000 ಮೀಟರ್ ಎತ್ತರದ್ದು: ಒಳ ಮಂಗೋಲಿಯಾದ ಹುಲ್ಲುಗಾವಲು, ಹಳದಿ ಮಣ್ಣಿನ ಗುಡ್ಡಗಳು, ಯುನ್ನಾನ್ ಕಡೆಯ ಬೆಟ್ಟಗಳು. ಕೊನೆಯದು ಸಮುದ್ರದ ಕಡೆಯ ತಗ್ಗು ಬಯಲು.

ಹ್ವಾಂಗ್ ಹೋ, ಯಾಂಗ್ಟ್ಸೆ ಎರಡೂ ಮೇಲಿನ ಮೆಟ್ಟಿಲಲ್ಲಿ ಹುಟ್ಟಿ, ದಾರಿಯ ಮಣ್ಣನ್ನೆಲ್ಲ ಹೊತ್ತು ತಂದು ಈ ಬಯಲಿಗೆ ಸುರಿದಿವೆ. ಮಳೆ ತರೋ ಗಾಳಿಯೂ ಸಮುದ್ರದ ಕಡೆಯಿಂದಲೇ ಬರುತ್ತೆ. ಒಳನಾಡಿಗೆ ಹೋಗೋ ಹೊತ್ತಿಗೆ ಅದರಲ್ಲಿ ತೇವ ಉಳಿದಿರಲ್ಲ. ಹಾಗಾಗಿ ಮೆಕ್ಕಲು ಮಣ್ಣು, ಮಳೆ, ಸಮತಟ್ಟು ನೆಲ ಮೂರೂ ಸಿಗೋದು ಪೂರ್ವದಲ್ಲಿ.

ಒಂದು ಹೋಲಿಕೆ ನೋಡಿ. ಚೀನಾ ನಮ್ಮ ದೇಶಕ್ಕಿಂತ ಸುಮಾರು ಮೂರು ಪಟ್ಟು ದೊಡ್ಡದು. ಆದ್ರೆ ನಮ್ಮಲ್ಲಿ ಸುಮಾರು ಅರ್ಧ ನೆಲ ಉಳುಮೆಗೆ ಬಂದ್ರೆ, ಅಲ್ಲಿ ಬರೋದು ಎಂಟರಲ್ಲಿ ಒಂದು ಪಾಲು. ಲೆಕ್ಕ ಹಾಕಿ. ಅಷ್ಟು ದೊಡ್ಡ ದೇಶಕ್ಕೆ ನಮಗಿಂತ ಕಡಿಮೆ ಹೊಲ.

[3/7] ಹೊಲ
ಈಗ ಇನ್ನೊಂದು ಗೆರೆ. ಚಿನ್‌ಲಿಂಗ್ ಬೆಟ್ಟಸಾಲು ಮತ್ತು ಹ್ವಾಯ್ ನದಿ ಸೇರಿ ಪೂರ್ವ ಚೀನಾವನ್ನ ಉತ್ತರ, ದಕ್ಷಿಣ ಅಂತ ಎರಡು ಮಾಡ್ತವೆ. ವರ್ಷಕ್ಕೆ 800 ಮಿಲಿಮೀಟರ್ ಮಳೆ ಬೀಳೋ ಗೆರೆಯೂ, ಜನವರಿಯ ಸರಾಸರಿ ಉಷ್ಣಾಂಶ 0 ಡಿಗ್ರಿ ಇರೋ ಗೆರೆಯೂ ಹೆಚ್ಚುಕಮ್ಮಿ ಇಲ್ಲೇ ಹಾದುಹೋಗ್ತವೆ. ಕೆಳಗೆ ಭತ್ತ, ಮೇಲೆ ಗೋಧಿ. ದಕ್ಷಿಣದವರಿಗೆ ಅನ್ನ, ಉತ್ತರದವರಿಗೆ ನೂಡಲ್ಸ್ ಮತ್ತು ಹಬೆಯಲ್ಲಿ ಬೇಯಿಸಿದ ಬನ್. ನಮ್ಮಲ್ಲಿ ಜೋಳದ ರೊಟ್ಟಿ ಸೀಮೆ, ರಾಗಿ ಮುದ್ದೆ ಸೀಮೆ ಇಲ್ವಾ, ಹಾಗೆ.

ಇಲ್ಲಿವರೆಗೆ ಭೂಗೋಳದ ಮಾತು. ಮುಂದೆ ಕೇಳಿ. 1950ರ ದಶಕದಲ್ಲಿ ಸರ್ಕಾರ ಚಳಿಗಾಲದಲ್ಲಿ ನಗರದ ಮನೆಗಳನ್ನ ಬೆಚ್ಚಗಿಡೋಕೆ ಬಿಸಿನೀರಿನ ಪೈಪ್ ವ್ಯವಸ್ಥೆ ಶುರು ಮಾಡ್ತು. ಎಲ್ಲರಿಗೂ ಕೊಡುವಷ್ಟು ಕಲ್ಲಿದ್ದಲು ಇರಲಿಲ್ಲ. ಹಾಗಾಗಿ ಇದೇ ಗೆರೆಯನ್ನ ಗಡಿ ಮಾಡ್ಕೊಂಡು ಉತ್ತರಕ್ಕೆ ಮಾತ್ರ ಕೊಟ್ರು. ಶಾಂಘೈ, ವುಹಾನ್ ಎರಡೂ ಗೆರೆಯ ಕೆಳಗಿನ ಊರುಗಳು. ಅಲ್ಲಿ ಒದ್ದೆ ಚಳಿ ಮೂಳೆಗೆ ಇಳಿಯುತ್ತೆ, ಆದ್ರೆ ಸರ್ಕಾರದ ಪೈಪ್ ಇಲ್ಲ. ಉತ್ತರದವರು ಬೆಚ್ಚಗಿದ್ರು, ಜೊತೆಗೆ ಕಲ್ಲಿದ್ದಲ ಹೊಗೆಯನ್ನೂ ಕುಡಿದ್ರು. ಬೆಟ್ಟ, ನದಿ ಪ್ರಕೃತಿ ಮಾಡಿದ್ದು. "ಇಲ್ಲಿಂದಾಚೆ ಕೊಡಲ್ಲ" ಅಂದಿದ್ದು ಒಂದು ಕಚೇರಿ.

[4/7] ಕಾರ್ಖಾನೆ
ಚೀನಾದ ಕಲ್ಲಿದ್ದಲಿನ ದೊಡ್ಡ ಪಾಲು ಇರೋದು ಒಳನಾಡಿನ ಶಾನ್‌ಶಿ, ಒಳ ಮಂಗೋಲಿಯಾ ಕಡೆ. ಕರೆಂಟ್ ಬೇಕಾಗಿರೋದು ಕರಾವಳಿಗೆ. ಅದಕ್ಕೇ ದಾತೋಂಗ್‌ನಿಂದ ಚಿನ್‌ಹ್ವಾಂಗ್‌ದಾವ್ ಬಂದರಿಗೆ 653 ಕಿ.ಮೀ. ಉದ್ದದ ರೈಲು ಮಾರ್ಗ ಇದೆ. ಅದರ ಮುಖ್ಯ ಕೆಲಸ ಕಲ್ಲಿದ್ದಲು ಸಾಗಿಸೋದು. ಒಂದೊಂದು ರೈಲು 20,000 ಟನ್ ಎಳೆಯೋದೂ ಉಂಟು. ಬಂದರಿನಿಂದ ಅದು ಹಡಗಲ್ಲಿ ದಕ್ಷಿಣಕ್ಕೆ ಹೋಗುತ್ತೆ.

"ಎಲ್ಲಿ ಖನಿಜ ಇದೆಯೋ ಅಲ್ಲಿ ಕೈಗಾರಿಕೆ" ಅಂತ ಬಾಯಿಪಾಠ ಮಾಡಿದೀವಲ್ಲ? ಅದಕ್ಕೆ ಸರಿಯಾದ ಉದಾಹರಣೆ ಈಶಾನ್ಯ ಚೀನಾ. ಅನ್‌ಶಾನ್‌ನಲ್ಲಿ ಕಬ್ಬಿಣ, ದಾಚಿಂಗ್‌ನಲ್ಲಿ 1959ರಲ್ಲಿ ಸಿಕ್ಕ ಎಣ್ಣೆ. ದಶಕಗಳ ಕಾಲ ದೇಶದ ಭಾರಿ ಕೈಗಾರಿಕೆಯ ಎದೆಬಡಿತ ಅಲ್ಲೇ ಇತ್ತು. 1990ರ ದಶಕದಲ್ಲಿ ಸರ್ಕಾರಿ ಕಾರ್ಖಾನೆಗಳನ್ನ ಮುಚ್ಚಿದಾಗ ಅಲ್ಲಿ ಲಕ್ಷಾಂತರ ಜನ ಕೆಲಸ ಕಳ್ಕೊಂಡ್ರು. ಕಬ್ಬಿಣದ ಅದಿರು ಅದೇ ಬೆಟ್ಟದಲ್ಲಿತ್ತು. ಬದಲಾಗಿದ್ದು ನೀತಿ.

ಇದರ ತದ್ವಿರುದ್ಧ ಶೆನ್‌ಜೆನ್. ಹಾಂಗ್‌ಕಾಂಗ್ ಪಕ್ಕದ ಈ ಗಡಿ ಪ್ರದೇಶದಲ್ಲಿ 1979ರ ಸುಮಾರಿಗೆ ಇದ್ದವರು ಹತ್ತಿರಹತ್ತಿರ ಮೂರು ಲಕ್ಷ ಜನ. 1980ರಲ್ಲಿ ಅದನ್ನ ವಿಶೇಷ ಆರ್ಥಿಕ ವಲಯ ಮಾಡಿದ್ರು. 2020ರ ಜನಗಣತಿ ಹೊತ್ತಿಗೆ 1.7 ಕೋಟಿ ದಾಟಿತ್ತು. ಕರಾವಳಿ ಸಾವಿರಾರು ವರ್ಷದಿಂದ ಅಲ್ಲೇ ಇತ್ತು, ಬಾಗಿಲು ತೆಗೆದಿದ್ದು 1980ರಲ್ಲಿ.

[5/7] ಜನ
ಶೆನ್‌ಜೆನ್ ತುಂಬಿದ್ದು ಹೇಗೆ? ಸಿಚುವಾನ್, ಹುನಾನ್, ಹೆನಾನ್ ಥರದ ಒಳನಾಡಿನ ಪ್ರಾಂತ್ಯಗಳ ಹಳ್ಳಿ ಹುಡುಗ ಹುಡುಗೀರಿಂದ. ನಮ್ಮ ವಯಸ್ಸಿನವರೂ ಅವರಲ್ಲಿ ಬಹಳ ಜನ.

ಆದ್ರೆ ಚೀನಾದಲ್ಲಿ 1958ರಿಂದ ಹುಕೌ ಅನ್ನೋ ನೋಂದಣಿ ಪದ್ಧತಿ ಇದೆ. ನಿಮ್ಮ ಹೆಸರು ಯಾವ ಊರಿನ ಪುಸ್ತಕದಲ್ಲಿದೆಯೋ, ಮಕ್ಕಳ ಸರ್ಕಾರಿ ಶಾಲೆ, ಆಸ್ಪತ್ರೆ ಸೌಲಭ್ಯ ಎಲ್ಲ ಮುಖ್ಯವಾಗಿ ಆ ಊರಿಗೇ ಅಂಟಿಕೊಂಡಿರುತ್ತೆ. ಅಪ್ಪ ಅಮ್ಮ ಕರಾವಳಿಯಲ್ಲಿ ಫೋನ್ ಜೋಡಿಸ್ತಾರೆ, ಮಗು ಸಾವಿರ ಕಿಲೋಮೀಟರ್ ದೂರದ ಹಳ್ಳೀಲಿ ಅಜ್ಜಿ ತಾತನ ಹತ್ರ ಬೆಳೆಯುತ್ತೆ. ಇಂಥ ಮಕ್ಕಳು ಕೋಟಿಗಟ್ಟಲೆ. ಈಚೆಗೆ ಚಿಕ್ಕ ನಗರಗಳಲ್ಲಿ ನಿಯಮ ಸಡಿಲ ಆಗಿದೆ. ಬೀಜಿಂಗ್, ಶಾಂಘೈಯಂಥ ಕಡೆ ಹೆಸರು ಸೇರಿಸೋದು ಈಗಲೂ ಕಷ್ಟ.

ಕರಾವಳಿಗೆ ಹೋಗಿ ಅಂದಿದ್ದು ಭೂಗೋಳ ಅಂತಾನೇ ಇಟ್ಕೊಳ್ಳಿ. ಮಕ್ಕಳನ್ನ ಬಿಟ್ಟು ಹೋಗಿ ಅಂದಿದ್ದು ಯಾರು?

[6/7] ನೀರು
ನನ್ನ ವಾದಕ್ಕೆ ದೊಡ್ಡ ಸಾಕ್ಷಿ ಇದು. ಉತ್ತರದ ಬಯಲಲ್ಲಿ ಗೋಧಿ ಇದೆ, ರಾಜಧಾನಿ ಇದೆ, ಕಾರ್ಖಾನೆ ಇದೆ. ನೀರಿಲ್ಲ. 1997ರಲ್ಲಿ ಹ್ವಾಂಗ್ ಹೋ ನದಿಯ ಕೊನೆಯ ಭಾಗ 226 ದಿನ ಒಣಗಿತ್ತು. ಅಷ್ಟು ದೊಡ್ಡ ನದಿ ವರ್ಷದ ಅರ್ಧಕ್ಕಿಂತ ಹೆಚ್ಚು ದಿನ ಸಮುದ್ರ ಮುಟ್ಟಲಿಲ್ಲ. ಅಂತರ್ಜಲವೂ ಆಳಕ್ಕೆ ಇಳೀತಾ ಹೋಯ್ತು.

ಪರಿಹಾರ ಅಂತ ದಕ್ಷಿಣದ ನೀರನ್ನ ಉತ್ತರಕ್ಕೆ ತಂದ್ರು. ಯಾಂಗ್ಟ್ಸೆಯ ಉಪನದಿ ಹಾನ್. ಅದರ ದಾನ್‌ಜಿಯಾಂಗ್‌ಕೌ ಜಲಾಶಯದಿಂದ ಹೊರಡೋ ಮುಖ್ಯ ಕಾಲುವೆ 1,432 ಕಿ.ಮೀ. ಉದ್ದ. ಹ್ವಾಂಗ್ ಹೋ ನದಿಯ ತಳದಲ್ಲಿ ಸುರಂಗದಲ್ಲಿ ದಾಟಿ, ಬಹುಪಾಲು ಇಳಿಜಾರಲ್ಲೇ ಹರಿದು ಬೀಜಿಂಗ್ ಸೇರುತ್ತೆ. 2014ರ ಡಿಸೆಂಬರಿನಲ್ಲಿ ಶುರುವಾಯ್ತು. ಇವತ್ತು ಬೀಜಿಂಗ್ ನಗರದ ನಲ್ಲಿ ನೀರಿನ ಬಹುಪಾಲು ಅದೇ. ಎಂಜಿನಿಯರಿಂಗ್ ಅಂದ್ರೆ ಇದಪ್ಪಾ ಅನ್ನಿಸುತ್ತೆ, ಸುಳ್ಳಲ್ಲ.

ಇದಕ್ಕೋಸ್ಕರ ಅಣೆಕಟ್ಟನ್ನ ಇನ್ನೂ ಎತ್ತರ ಮಾಡ್ಬೇಕಾಯ್ತು. ಸುಮಾರು 3.45 ಲಕ್ಷ ಜನ ಊರು ಬಿಟ್ರು. ಇದೇ ಅಣೆಕಟ್ಟನ್ನ ಮೊದಲು ಕಟ್ಟಿದಾಗಲೂ ಲಕ್ಷಾಂತರ ಜನ ಜಾಗ ಖಾಲಿ ಮಾಡಿದ್ರು. ಕೆಲವು ಕುಟುಂಬಗಳಿಗೆ ಇದು ಎರಡನೇ ಸಲ. ಹಾನ್ ನದಿಯಲ್ಲಿ ಕಡಿಮೆಯಾಗೋ ನೀರನ್ನ ತುಂಬಿಸೋಕೆ ಯಾಂಗ್ಟ್ಸೆಯಿಂದ ಇನ್ನೊಂದು ಸುರಂಗದ ಕೆಲಸ 2022ರಲ್ಲಿ ಶುರುವಾಗಿದೆ.

"ಮತ್ತೆ ಬೀಜಿಂಗ್ ಜನ ಬಾಯಾರಿ ಸಾಯ್ಬೇಕಿತ್ತಾ?" ಅಂತ ನೀವು ಕೇಳ್ತೀರಾ. ನ್ಯಾಯವಾದ ಪ್ರಶ್ನೆ. ಕೋಟ್ಯಂತರ ಜನಕ್ಕೆ ನೀರು ಸಿಕ್ಕಿದೆ, ಹೋದವರಿಗೆ ಮನೆ, ಪರಿಹಾರ ಕೊಟ್ಟಿದ್ದಾರೆ. ನಾನು ಯೋಜನೆ ಬೇಡವಾಗಿತ್ತು ಅಂತ ಹೇಳ್ತಿಲ್ಲ. ನೀರಿಲ್ಲದ ಬಯಲಲ್ಲಿ ರಾಜಧಾನಿ ಬೆಳೆಸಿದ್ದೂ, ಅಲ್ಲಿ ಅಷ್ಟೊಂದು ಗೋಧಿ ಬೆಳೆಸಿದ್ದೂ ತೀರ್ಮಾನಗಳೇ. ಅವುಗಳ ಖರ್ಚು ಬಿದ್ದಿದ್ದು ಆ ತೀರ್ಮಾನದಲ್ಲಿ ಮಾತೇ ಇಲ್ಲದ, ಸಾವಿರ ಕಿಲೋಮೀಟರ್ ದೂರದ ಹಳ್ಳಿಯವರ ಮೇಲೆ. "ಭೂಗೋಳ ಹಾಗಿದೆ, ಏನ್ಮಾಡೋದು" ಅಂದುಬಿಟ್ರೆ ಅವರ ಲೆಕ್ಕ ಪುಸ್ತಕದಿಂದಲೇ ಅಳಿಸಿಹೋಗುತ್ತೆ.

[7/7]
ಇದು ಚೀನಾಕ್ಕೆ ಮಾತ್ರ ಅಂದ್ಕೋಬೇಡಿ. ನಮ್ಮ ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ, ಹತ್ತಿರ ದೊಡ್ಡ ನದಿ ಇಲ್ಲ. ಬೀಜಿಂಗ್‌ಗೆ ನೀರು ಇಳಿದು ಬರುತ್ತೆ. ನಮಗೆ ಕಾವೇರಿಯನ್ನ ಸುಮಾರು 100 ಕಿ.ಮೀ. ದೂರದಿಂದ, ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಿಂದ ಪಂಪ್ ಹಾಕಿ ಏರಿಸ್ಬೇಕು. ಅದೇ ಕಾವೇರಿಯನ್ನ ನಂಬಿ ಗದ್ದೆ ಮಾಡೋರೂ ಆ ಕಡೆ ಇದ್ದಾರೆ.

ಹಾಗಾಗಿ ಒಂದು ಕೇಳ್ಕೊಳ್ತೀನಿ. ಮುಂದಿನ ಪರೀಕ್ಷೇಲಿ "ಕೈಗಾರಿಕೆಗಳ ಹಂಚಿಕೆಗೆ ಕಾರಣಗಳನ್ನು ವಿವರಿಸಿ" ಅಂತ ಬಂದ್ರೆ ಮಣ್ಣು, ಮಳೆ, ಖನಿಜ, ಬಂದರು ಎಲ್ಲ ಬರೀರಿ, ಮಾರ್ಕ್ಸ್ ಬಿಡ್ಬೇಡಿ. ಕೊನೇಲಿ ಇನ್ನೊಂದು ಸಾಲು ಸೇರಿಸಿ: ಇದನ್ನ ಯಾರು ತೀರ್ಮಾನಿಸಿದ್ರು, ಖರ್ಚು ಯಾರಿಗೆ ಬಿತ್ತು. ಮೇಷ್ಟ್ರು ಅದಕ್ಕೆ ಮಾರ್ಕ್ಸ್ ಕೊಡದೇ ಇರಬಹುದು. ಆದ್ರೂ ಬರೀರಿ.

ಈಗ ನಿಮ್ಮ ಸರದಿ. ನಿಮ್ಮ ಮನೆ ನಲ್ಲಿಗೆ ನೀರು ಎಲ್ಲಿಂದ ಬರುತ್ತೆ, ಎಷ್ಟು ದೂರದಿಂದ? ಮನೇಲಿ ದೊಡ್ಡೋರನ್ನ ಕೇಳಿ ಕಾಮೆಂಟಲ್ಲಿ ಬರೀರಿ. ಎಲ್ಲಾ ಉತ್ತರ ಸೇರಿಸಿ ಒಂದು ನಕ್ಷೆ ಮಾಡೋಣ.

#ಭೂಗೋಳ #ಚೀನಾ #ನೀರು #ನಕ್ಷೆಓದೋಣ