ಪ್ರತಿಗಳಿದ್ದರೆ ಸಾಲದು

ಹಿಂದೆ ಶಾಲೆಯ ದಾಖಲಾತಿ ಪುಸ್ತಕ, ಬ್ಯಾಂಕಿನ ಲೆಡ್ಜರು, ಕಚೇರಿಯ ಕಡತ ಎಲ್ಲವೂ ಕಪಾಟಿನಲ್ಲಿರುತ್ತಿದ್ದವು. ಕಪಾಟಿನ ಕೀಲಿಕೈ ಯಾರಲ್ಲಿದೆ ಎಂಬುದು ಎಲ್ಲರಿಗೂ ತಿಳಿದಿತ್ತು. ಇಂದು ಕಡತವೂ ಗಣಕಯಂತ್ರದೊಳಗಿದೆ, ಕೀಲಿಕೈಯೂ ಅದರೊಳಗೇ ಇದೆ. ಆ ಕೀಲಿಕೈಯನ್ನು ಕಾಯುವವರು ಯಾರು, ಅದು ಕಳೆದುಹೋದರೆ ಮಾಡುವುದೇನು ಎಂಬ ಪ್ರಶ್ನೆಯನ್ನು ಇಂಜಿನಿಯರರಿಗೆ ಬಿಟ್ಟು ಉಳಿದವರು ಸುಮ್ಮನಿರಬಹುದೆಂದು ನಮಗನಿಸುವುದಿಲ್ಲ. ನಮ್ಮ ವಿದ್ಯಾರ್ಥಿಗಳಲ್ಲಿ ಕೆಲವರು ನಾಳೆ ಇದೇ ಕೆಲಸಕ್ಕೆ ಹೋಗುವವರು. ಹೆತ್ತವರ ಉಳಿತಾಯ, ಸಂಬಳ, ಪಿಂಚಣಿಯ ಲೆಕ್ಕವೂ ಇಂತಹ ಯಂತ್ರಗಳನ್ನೇ ನಂಬಿಕೊಂಡಿದೆ. ಆದುದರಿಂದ ಈ ನಾಲ್ಕು ಮಾತು.

ದೊಡ್ಡ ಕಂಪೆನಿಯಲ್ಲಿ ಸಾವಿರಾರು ನೌಕರರು ಬೆಳಿಗ್ಗೆ ಹೆಸರು, ಪಾಸ್‌ವರ್ಡ್ ಕೊಟ್ಟು ಕೆಲಸ ಆರಂಭಿಸುತ್ತಾರೆ. ಇವರು ನಮ್ಮವರು ಹೌದೇ, ಇವರು ಯಾವ ಕಡತ ನೋಡಬಹುದು ಎಂದು ತೀರ್ಮಾನಿಸುವುದು ಡೈರೆಕ್ಟರಿ ಸರ್ವರ್. ಮೈಕ್ರೋಸಾಫ್ಟ್ ಕಂಪೆನಿ 2000ದಲ್ಲಿ ಹೊರತಂದ ಆಕ್ಟಿವ್ ಡೈರೆಕ್ಟರಿ ಇಂತಹವುಗಳಲ್ಲಿ ಬಹಳ ಬಳಕೆಯಲ್ಲಿದೆ. ಅದರಲ್ಲಿ ಒಂದು ಪಟ್ಟಿಗೆ ಸೇರಿದವರ ಗುಂಪಿಗೆ ಡೊಮೇನ್ ಎಂದು ಹೆಸರು. ಊರೂರಿನಲ್ಲಿ, ದೇಶದೇಶಗಳಲ್ಲಿ ಶಾಖೆಗಳುಳ್ಳ ಸಂಸ್ಥೆಗಳು ಹಲವು ಡೊಮೇನ್‌ಗಳನ್ನು ಮಾಡಿಕೊಳ್ಳುವುದುಂಟು. ಅವೆಲ್ಲವೂ ಸೇರಿದ ಕುಟುಂಬವೇ ಫಾರೆಸ್ಟ್.

ಪ್ರತಿ ಡೊಮೇನಿನಲ್ಲಿ ಎರಡೋ ಹೆಚ್ಚೋ ಸರ್ವರ್‌ಗಳಿರುತ್ತವೆ. ಒಂದರಲ್ಲಿ ಬರೆದುದು ಉಳಿದವುಗಳಿಗೂ ತಾನಾಗಿ ಹೋಗುತ್ತದೆ. ಆದರೆ ಐದು ಕೆಲಸಗಳನ್ನು ಮಾತ್ರ ಒಂದೊಂದೇ ಯಂತ್ರಕ್ಕೆ ವಹಿಸಬೇಕು. ಪಟ್ಟಿಯ ನಮೂನೆಯನ್ನು ಬದಲಾಯಿಸುವುದು, ಡೊಮೇನ್‌ಗಳನ್ನು ಸೇರಿಸುವುದು ಅಥವಾ ತೆಗೆಯುವುದು ಇವೆರಡು ಇಡೀ ಫಾರೆಸ್ಟಿಗೆ ಒಂದೊಂದು. ಕ್ರಮಸಂಖ್ಯೆಗಳನ್ನು ಹಂಚುವುದು, ಪಾಸ್‌ವರ್ಡ್ ಬದಲಾವಣೆ ಮತ್ತು ಗಡಿಯಾರದ ಉಸ್ತುವಾರಿ, ಬೇರೆ ಡೊಮೇನಿನವರ ಹೆಸರುಗಳನ್ನು ಸರಿಯಾಗಿಟ್ಟುಕೊಳ್ಳುವುದು ಇವು ಮೂರು ಪ್ರತಿ ಡೊಮೇನಿಗೂ ಬೇಕು. ಹೀಗೆ ಮೂರು ಡೊಮೇನ್‌ಗಳಿದ್ದರೆ ಎರಡಕ್ಕೆ ಒಂಬತ್ತು ಸೇರಿ ಒಟ್ಟು 11 ಹೊಣೆಗಳಾದುವು.

ಈ ಹನ್ನೊಂದೂ ಎಲ್ಲೆಲ್ಲಿವೆ ಎಂದು ಬರೆದಿಡದಿದ್ದರೆ ಏನಾಗುತ್ತದೆ? ಕ್ರಮಸಂಖ್ಯೆ ಹಂಚುವ ಸರ್ವರನ್ನೇ ನೋಡೋಣ. ಇಬ್ಬರಿಗೆ ಒಂದೇ ಸಂಖ್ಯೆ ಸಿಗಬಾರದೆಂದು ಅದು ಉಳಿದ ಸರ್ವರ್‌ಗಳಿಗೆ ಸಾಮಾನ್ಯವಾಗಿ 500 ಸಂಖ್ಯೆಗಳ ಕಟ್ಟು ಕೊಡುತ್ತದೆ. ಅದು ಕೆಟ್ಟ ದಿನ ಯಾರಿಗೂ ತೊಂದರೆ ಕಾಣಿಸದು. ಕೈಯಲ್ಲಿದ್ದ ಕಟ್ಟು ಮುಗಿದ ದಿನ ಹೊಸ ನೌಕರನ ಹೆಸರು ಸೇರುವುದಿಲ್ಲ. ಅಷ್ಟರಲ್ಲಿ ಕಾರಣ ಮರೆತುಹೋಗಿರುತ್ತದೆ. ಇನ್ನೊಂದು ಯಂತ್ರ ಆ ಹೊಣೆಯನ್ನು ಬಲವಂತವಾಗಿ ವಹಿಸಿಕೊಳ್ಳಬಹುದು. ಆದರೆ ಆಮೇಲೆ ಹಳೆಯ ಯಂತ್ರವನ್ನು ಇದ್ದ ಹಾಗೆಯೇ ಮರಳಿ ಜೋಡಿಸಕೂಡದು. ಒಂದು ಶಾಲೆಗೆ ಇಬ್ಬರು ಮುಖ್ಯೋಪಾಧ್ಯಾಯರು ಬಂದು ಕುಳಿತ ಹಾಗಾದೀತು.

ಹಲವು ಪ್ರತಿಗಳಿರುವಾಗ ಭಯವೇಕೆ ಎಂದು ಕೇಳುವವರಿದ್ದಾರೆ. ಅವರಿಗೆ ನಾವು ಡೆನ್ಮಾರ್ಕಿನ ಮೇರ್ಸ್ಕ್ ಎಂಬ ಹಡಗು ಕಂಪೆನಿಯ ಕಥೆ ಹೇಳಬೇಕು. 2017ರ ಜೂನ್ 27ರಂದು ಉಕ್ರೇನಿನಲ್ಲಿ ಬಳಕೆಯಲ್ಲಿದ್ದ ಒಂದು ಲೆಕ್ಕಪತ್ರದ ತಂತ್ರಾಂಶದ ಮೂಲಕ ನಾಟ್‌ಪೆಟ್ಯ ಎಂಬ ವಿನಾಶಕಾರಿ ತಂತ್ರಾಂಶ ಹಬ್ಬಿ ಆ ಕಂಪೆನಿಯ ಜಾಲವನ್ನೂ ಹೊಕ್ಕಿತು. ಕಂಪೆನಿಗೆ ಸುಮಾರು 150 ಡೈರೆಕ್ಟರಿ ಸರ್ವರ್‌ಗಳಿದ್ದವು. ಒಂದು ಕೆಟ್ಟರೆ ಇನ್ನೊಂದು ಇದೆ ಎಂಬುದೇ ಅಲ್ಲಿಯ ಧೈರ್ಯ. ಎಲ್ಲವೂ ಒಟ್ಟಿಗೆ ಬಿದ್ದಾವೆಂದು ಯಾರೂ ಎಣಿಸಿರಲಿಲ್ಲ. ಬೇರೆ ಸರ್ವರ್‌ಗಳ ಬ್ಯಾಕಪ್ ದೊರಕಿದರೂ ಡೈರೆಕ್ಟರಿಯ ಬ್ಯಾಕಪ್ ಸಿಗಲಿಲ್ಲ. ಕೊನೆಗೆ ಆಫ್ರಿಕಾದ ಘಾನಾ ದೇಶದ ಕಚೇರಿಯಲ್ಲಿ ಒಂದೇ ಒಂದು ಸರ್ವರ್ ಉಳಿದಿರುವುದು ತಿಳಿಯಿತು. ದಾಳಿಗೆ ಮೊದಲೇ ಅಲ್ಲಿ ಕರೆಂಟು ಹೋಗಿ ಅದು ಜಾಲದಿಂದ ಕಡಿದುಹೋಗಿತ್ತು! ಅದರ ಡಿಸ್ಕನ್ನು ಘಾನಾದವರು ನೈಜೀರಿಯಾದವರೆಗೆ ಹೊತ್ತು, ಅಲ್ಲಿಂದ ಇನ್ನೊಬ್ಬರು ವಿಮಾನದಲ್ಲಿ ಇಂಗ್ಲೆಂಡಿಗೆ ತಲುಪಿಸಿದರು. ಸುಮಾರು 4,000 ಸರ್ವರ್‌ಗಳನ್ನೂ 45,000 ಗಣಕಯಂತ್ರಗಳನ್ನೂ ಹತ್ತು ದಿನಗಳಲ್ಲಿ ಹೊಸದಾಗಿ ಸಜ್ಜುಗೊಳಿಸಿದೆವೆಂದು ಕಂಪೆನಿಯ ಅಧ್ಯಕ್ಷರು 2018ರಲ್ಲಿ ಹೇಳಿದರು.

ಇದು ದೂರದ ಕಥೆಯೆಂದು ತಳ್ಳಿಹಾಕುವಂತಿಲ್ಲ. ಆಗ ಮುಂಬಯಿ ಬಳಿಯ ಜವಾಹರಲಾಲ್ ನೆಹರೂ ಬಂದರಿನಲ್ಲಿ ಆ ಸಮೂಹಕ್ಕೆ ಸೇರಿದ ಟರ್ಮಿನಲಿನ ಕೆಲಸವೂ ಅಸ್ತವ್ಯಸ್ತವಾಯಿತು. ಡೈರೆಕ್ಟರಿ ಎಂಬ ಪದವನ್ನೇ ಕೇಳದ ಲಾರಿ ಚಾಲಕನೂ ಇಂತಹ ದಿನ ಕಾಯಬೇಕಾಗುತ್ತದೆ.

ಅಲ್ಲಿ ಕಾಪಾಡಿದ್ದು ಅದೃಷ್ಟ. ಅದೃಷ್ಟವನ್ನು ಯೋಜನೆಯೆಂದು ಕರೆಯಲಾಗದು. ಒಂದರ ತಪ್ಪನ್ನೂ ಒಂದರ ಅಳಿಸುವಿಕೆಯನ್ನೂ ಮತ್ತೊಂದಕ್ಕೆ ನಿಷ್ಠೆಯಿಂದ ತಲುಪಿಸುವ ಪ್ರತಿಗಳು ಬ್ಯಾಕಪ್ಪಿನ ಸ್ಥಾನವನ್ನು ತುಂಬಲಾರವು. ಪ್ರತಿ ಡೊಮೇನಿನ ಒಂದು ಪ್ರತಿಯಾದರೂ ಜಾಲದಿಂದ ಹೊರಗೆ, ಬೇರೆ ಜಾಗದಲ್ಲಿರಬೇಕು. ಅದು ಹೊಸದಾಗಿಯೂ ಇರಬೇಕು. ಅಳಿಸಿದ ಹೆಸರುಗಳ ಗುರುತನ್ನು ಆಕ್ಟಿವ್ ಡೈರೆಕ್ಟರಿ ಸಾಮಾನ್ಯವಾಗಿ 180 ದಿನ ಇಟ್ಟುಕೊಳ್ಳುತ್ತದೆ. ಅದಕ್ಕಿಂತ ಹಳೆಯ ಪ್ರತಿ ಉಪಯೋಗಕ್ಕೆ ಬಾರದು. ಎಲ್ಲವೂ ಬಿದ್ದಾಗ ಮೂಲ ಡೊಮೇನನ್ನು ಮೊದಲು ಎಬ್ಬಿಸಿ, ಆಮೇಲೆ ಉಳಿದವುಗಳನ್ನು ಕ್ರಮವಾಗಿ ಎಬ್ಬಿಸಬೇಕು. ಆ ಕ್ರಮವನ್ನೂ ಹೊಣೆಗಳ ಪಟ್ಟಿಯನ್ನೂ ಕಾಗದದಲ್ಲಿ ಬರೆದಿಡಬೇಕು. ಬೀಗ ಹಾಕಿದ ಕೋಣೆಯೊಳಗೆ ಆ ಕೋಣೆಯ ಕೀಲಿಕೈ ಇಟ್ಟು ಫಲವೇನು?

ಖರ್ಚು ಹೆಚ್ಚು, ಇದುವರೆಗೆ ಏನೂ ಆಗಿಲ್ಲವಲ್ಲ ಎನ್ನುವ ವಾದವೂ ಇದೆ. ಬಡ ಸಂಸ್ಥೆಗಳಿಗೆ ಖರ್ಚಿನ ಚಿಂತೆ ಸಹಜ, ನಾವು ಅಲ್ಲಗಳೆಯುವುದಿಲ್ಲ. ಆದರೆ ಮೇರ್ಸ್ಕಿಗೆ ಆದ ನಷ್ಟವನ್ನು 25ರಿಂದ 30 ಕೋಟಿ ಡಾಲರ್ ಎಂದು ಆ ಕಂಪೆನಿಯೇ ಅಂದಾಜಿಸಿತು. ಒಂದು ಡಿಸ್ಕು, ನಾಲ್ಕು ಹಾಳೆ ಕಾಗದ, ವರ್ಷಕ್ಕೊಮ್ಮೆ ನಿಜವಾಗಿ ಮಾಡಿನೋಡುವ ಒಂದು ತಾಲೀಮು ಇವುಗಳ ಖರ್ಚು ಅದರ ಮುಂದೆ ಎಷ್ಟರದು? ತಾಲೀಮು ಇಲ್ಲದ ಯೋಜನೆ ಒಮ್ಮೆಯೂ ಅಭ್ಯಾಸ ಮಾಡದ ನಾಟಕದಂತೆ. ಪರದೆ ಎದ್ದ ಮೇಲೆ ಮಾತು ನೆನಪಾಗುವುದಿಲ್ಲ.

ವಿದ್ಯಾರ್ಥಿ ಮಿತ್ರರೇ, ನಿಮ್ಮಲ್ಲಿ ಯಾರೇ ಆಗಲಿ ಮುಂದೆ ಇಂತಹ ಯಂತ್ರಗಳ ಬಳಿ ಕೆಲಸಕ್ಕೆ ನಿಂತರೆ ಮೊದಲ ವಾರದಲ್ಲೇ ಮೂರು ಪ್ರಶ್ನೆ ಕೇಳಿರಿ: ಯಾವ ಹೊಣೆ ಯಾವ ಯಂತ್ರದಲ್ಲಿದೆ? ಎಲ್ಲವೂ ಒಟ್ಟಿಗೆ ಬಿದ್ದರೆ ಮೊದಲು ಎಬ್ಬಿಸುವುದು ಯಾವುದನ್ನು? ಹಾಗೆ ಎಬ್ಬಿಸಿ ನೋಡಿದ್ದು ಕೊನೆಗೆ ಯಾವಾಗ? ಉತ್ತರ ಸಿಗದಿದ್ದರೆ ಹಿರಿಯರೊಡನೆ ಕುಳಿತು ಅದನ್ನು ಬರೆದಿಡಿರಿ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಬಾರದೆಂದು ನಮ್ಮ ಅಜ್ಜಂದಿರು ಹೇಳುತ್ತಿದ್ದರು. ಆ ಮಾತು ಗಣಕಯಂತ್ರಕ್ಕೂ ಸಲ್ಲುತ್ತದೆ.